ದೂರಿಲ್ಲದ ಕಾರು

ನಮ್ಮ ಭಾವ ನೀರು ಸರಬರಾಜು ಕಚೇರಿಯ ದೂರು ವಿಭಾಗಕ್ಕೆ ಮುಖ್ಯಸ್ಥರಾದಾಗ ಅವರಿಗೆ ಕೈಯಿರುವ ಕುರ್ಚಿಯ ಜೊತೆಗೆ, ಅಂಗಳದಲ್ಲಿ ತಗಡಿನ ಚಾವಣಿಯ ಕೆಳಗೆ ಒಂದು ಕಾರು ನಿಲ್ಲಿಸುವಷ್ಟು ಜಾಗವೂ ಸಿಕ್ಕಿತು. ಹಿಂದಿನ ಗೋಡೆಯ ಮೇಲೆ ‘ಮುಖ್ಯಸ್ಥರು’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಭಾವನ ಹತ್ತಿರ ಇದ್ದದ್ದು ಸ್ಕೂಟರು. ಅದನ್ನು ಅವರು ಮೂಲೆಯಲ್ಲಿ ನಿಲ್ಲಿಸದೆ ಸರಿಯಾಗಿ ನಟ್ಟನಡುವೆ ನಿಲ್ಲಿಸುತ್ತಿದ್ದರು. ನೋಡಿದವರಿಗೆ, ಸಾಹೇಬರ ಕಾರನ್ನು ಯಾರೋ ಕದ್ದು, ಪಾಪ ಅನ್ನಿಸಿ ಒಂದು ಸ್ಕೂಟರು ಇಟ್ಟು ಹೋದಂತೆ ಕಾಣುತ್ತಿತ್ತು. ಕಚೇರಿಯ ಕಾವಲುಗಾರ ಒಂದು ದಿನ ಬಹಳ ವಿನಯದಿಂದ, “ಸಾರ್, ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ನನ್ನ ಸೈಕಲ್ಲೂ ನೆರಳಲ್ಲಿ ನಿಲ್ಲುತ್ತೆ” ಅಂದನಂತೆ. ಮಾತು ಭಾವನ ಮನಸ್ಸಿಗೆ ನಾಟಿತು. ಅವತ್ತು ಸಂಜೆಯೇ ನನಗೆ ಫೋನು ಬಂತು.

“ಕಾರು ತಗೋಬೇಕು ಕಣಯ್ಯ. ಸುಮ್ನೆ ಕಾರಲ್ಲ, ಎಕ್ಸಿಕ್ಯುಟಿವ್ ಕಾರು.”

ನನ್ನನ್ನೇ ಕೇಳಲು ಕಾರಣವಿತ್ತು. ನಾನು ಹಿಂದೊಮ್ಮೆ ಕಾರು ಇಟ್ಟುಕೊಂಡು, ಅದರಲ್ಲಿ ಓಡಾಡಿದ್ದಕ್ಕಿಂತ ಹೆಚ್ಚು ಹೊತ್ತು ಗ್ಯಾರೇಜಿನ ಬೆಂಚಿನ ಮೇಲೆ ಕಳೆದಿದ್ದೆ. ಹೆಚ್ಚು ಅನುಭವಿಸಿದವನೇ ಪಂಡಿತ ಎಂಬುದು ನಮ್ಮ ಮನೆತನದ ಲೆಕ್ಕಾಚಾರ.

ಕಾರು ನಿಜವಾಗಿ ಬೇಕಾಗಿದ್ದದ್ದು ನಮ್ಮಕ್ಕನಿಗೆ. ಅಕ್ಕ ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನ ಮೇಲ್ವಿಚಾರಕಿ. ಆಸ್ಪತ್ರೆ ಇತ್ತೀಚೆಗೆ ಊರಾಚೆಯ ಹೊಸ ಕಟ್ಟಡಕ್ಕೆ ಹೋಗಿತ್ತು. ರೋಗಿಗಳು ಖಾಲಿ ಹೊಟ್ಟೆಯಲ್ಲಿ ಬಂದು ಸಾಲು ನಿಲ್ಲುವ ಮೊದಲೇ ಲ್ಯಾಬು ತೆರೆಯಬೇಕು. ಆ ಹೊತ್ತಿಗೆ ಅತ್ತ ಬಸ್ಸೇ ಇಲ್ಲ. ಇಷ್ಟು ದಿನ ಜೊತೆಯ ನರ್ಸೊಬ್ಬರು ತಮ್ಮ ಕಾರಲ್ಲಿ ಕರೆದೊಯ್ಯುತ್ತಿದ್ದರು. ಅವರಿಗೆ ತಿಂಗಳ ಕೊನೆಗೆ ನಿವೃತ್ತಿ. ಆಮೇಲೆ ಹೋಗಲು ದಾರಿಯಿಲ್ಲದಿದ್ದರೆ ಅಕ್ಕ ಲ್ಯಾಬು ಬಿಟ್ಟು, ಊರೊಳಗಿನ ಹಳೆ ಕಟ್ಟಡದಲ್ಲಿ ಚೀಟಿ ಬರೆಯುವ ಮೇಜಿಗೆ ಬರಬೇಕಾಗಿತ್ತು. ತಾನೇ ಕಟ್ಟಿ ಬೆಳೆಸಿದ ಲ್ಯಾಬು ಅದು. ಅಕ್ಕನಿಗೆ ಕಾರು ಓಡಿಸಲು ಚೆನ್ನಾಗಿ ಬರುತ್ತಿತ್ತು, ಭಾವನಿಗೆ ಬರುತ್ತಿರಲಿಲ್ಲ. ಈ ಸಣ್ಣ ವಿವರವನ್ನು ಅವರು ತಮ್ಮ ಎಕ್ಸಿಕ್ಯುಟಿವ್ ಯೋಜನೆಯಲ್ಲಿ ಸೇರಿಸಿಕೊಂಡಂತೆ ಕಾಣಲಿಲ್ಲ.

“ನನಗೆ ಬೆಳಗ್ಗೆ ಕೀ ತಿರುಗಿಸಿದ್ರೆ ಹೊರಡಬೇಕು, ಅಷ್ಟೇ. ಬಣ್ಣ, ಉದ್ದ, ಗತ್ತು ಎಲ್ಲ ನಿಮ್ಮ ಭಾವಂಗೆ ಬಿಟ್ಟಿದ್ದು,” ಅಂದಳು ಅಕ್ಕ.

ಇದನ್ನು ಭಾವ ಪೂರ್ಣ ಅಧಿಕಾರ ಕೊಟ್ಟಂತೆ ಭಾವಿಸಿದರು. ಹೊಸ ಪುಟಾಣಿ ಕಾರಿಗೆ ಕೊಡುವ ದುಡ್ಡಿನಲ್ಲಿ ಹಳೆಯದಾದರೂ ದೊಡ್ಡ ಕಾರೇ ಬರುತ್ತದೆ ಎಂಬುದು ಅವರ ಸಿದ್ಧಾಂತ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬಂದ ಮೇಲೆ ಓಡುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಸಿದ್ಧಾಂತ ಮುಟ್ಟುತ್ತಿರಲಿಲ್ಲ.

ಭಾವ ಕಾರು ನೋಡುವ ಕ್ರಮವನ್ನು ನಾನು ಬೇರೆಲ್ಲೂ ಕಂಡಿಲ್ಲ. ಜನ ಬಾನೆಟ್ಟು ಎತ್ತುತ್ತಾರೆ, ಟಯರು ಒದೆಯುತ್ತಾರೆ. ಭಾವ ನೇರವಾಗಿ ಹಿಂದಿನ ಬಾಗಿಲು ತೆರೆದು, ಎಡಬದಿಯ ಸೀಟಿನಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ ಕಣ್ಣು ಮುಚ್ಚುತ್ತಿದ್ದರು. ತಮ್ಮ ಹಿಂದಿನ ಮುಖ್ಯಸ್ಥರೆಲ್ಲ ಕೂರುತ್ತಿದ್ದದ್ದು ಅಲ್ಲಿಯೇ. ಮೊಣಕಾಲಿಗೆ ಮುಂದಿನ ಸೀಟು ತಗುಲಿದರೆ ಆ ಕಾರು ಫೇಲು. ತಗುಲದಿದ್ದರೆ ಕಿಟಕಿಯಾಚೆ ಯಾರಿಗೋ ನಮಸ್ಕಾರ ಹಿಂದಿರುಗಿಸುವಂತೆ ತಲೆ ತುಸು ಅಲ್ಲಾಡಿಸುವರು. ಡ್ರೈವರ್ ಸೀಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹೀಗೆ ನೋಡುತ್ತ ನೋಡುತ್ತ, ಟೈಲ್ಸ್ ಅಂಗಡಿಯ ಸಾಹುಕಾರರೊಬ್ಬರ ಕಪ್ಪು ಕಾರು ಸಿಕ್ಕಿತು. ಎಷ್ಟು ಉದ್ದವೆಂದರೆ ಒಂದು ತುದಿಯಲ್ಲಿ ನಿಂತವರು ಇನ್ನೊಂದು ತುದಿಯವರ ಯೋಗಕ್ಷೇಮ ವಿಚಾರಿಸಬೇಕು. ಹಿಂದಿನ ಕಿಟಕಿಗಳಿಗೆ ಪರದೆ, ಓದಲು ಪುಟ್ಟ ದೀಪ, ನಡುವೆ ಮಡಚಿ ತೆಗೆಯುವ ಕೈದಿಂಬು. ಭಾವ ಒಳಗೆ ಕೂತರು, ದೀಪ ಹಾಕಿದರು, ಜೇಬಿನಿಂದ ಕರೆಂಟ್ ಬಿಲ್ಲು ತೆಗೆದು ಗಂಭೀರವಾಗಿ ಓದಿದರು. ನನಗೆ ಆಗಲೇ ಗೊತ್ತಾಯಿತು, ಮನುಷ್ಯ ಕೈತಪ್ಪಿದ ಅಂತ.

“ಏನಾದ್ರೂ ತೊಂದರೆ?” ನಾನು ಸಾಹುಕಾರರನ್ನು ಕೇಳಿದೆ.

“ಒಂದೇ ಒಂದು ಕಂಪ್ಲೇಂಟ್ ಇಲ್ಲ ಸಾರ್. ತಗೊಂಡ ದಿನದಿಂದ ಇವತ್ತಿನ ತನಕ.”

ಭಾವ ನನ್ನತ್ತ ನೋಡಿದ ನೋಟದಲ್ಲಿ, ಕೇಳಿದೆಯಾ ಎಂಬ ವಿಜಯವಿತ್ತು. ಗುಮಾಸ್ತರಾಗಿ ಸೇರಿದಾಗಿನಿಂದ ದೂರಿನ ಕಿಟಕಿಯಲ್ಲಿ ಕೂತು ದೂರು ಕೇಳಿ ಕೇಳಿ ಬೇಸತ್ತ ಕಿವಿಗೆ ಆ ಮಾತು ಜೋಗುಳದಂತೆ ಕೇಳಿಸಿರಬೇಕು. ಮರುದಿನ ಬಂದು ವ್ಯಾಪಾರ ಮುಗಿಸುವುದಾಗಿ ಮಾತು ಕೊಟ್ಟು ಮನೆಗೆ ಬಂದೆವು.

ಊಟಕ್ಕೆ ಕೂತಾಗ ಭಾವ ಕಾರಿನ ಗುಣಗಾನ ಮಾಡಿದರು. ದೀಪ, ಪರದೆ, ಕೈದಿಂಬು ಎಲ್ಲ ಬಂದು ಹೋದವು. ಅಕ್ಕ ಕೊನೆಯವರೆಗೂ ಕೇಳಿ, ಸಾರಿನ ಸೌಟು ಕೆಳಗಿಟ್ಟು, ನೀವು ಹೋದಾಗ ಇಂಜಿನ್ನು ತಣ್ಣಗಿತ್ತೋ ಬಿಸಿ ಇತ್ತೋ ಅಂತ ವಿಚಾರಿಸಿದಳು. ನಾನು ಬಾನೆಟ್ಟಿನ ಮೇಲೆ ಕೈಯೂರಿ ನಿಂತಿದ್ದು ನೆನಪಾಯಿತು, ಬೆಚ್ಚಗಿತ್ತು. ಬಿಸಿಲಿಗಿರಬೇಕು ಅಂದುಕೊಂಡಿದ್ದೆ. ಕಾರು ನಿಂತಿದ್ದದ್ದು ಷೆಡ್ಡಿನೊಳಗೆ. ಅಂದರೆ ನಾವು ಬರುವ ಮೊದಲೇ ಯಾರೋ ಅದನ್ನು ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರು.

“ನಾಳೆ ಅವರಿಗೆ ಹೇಳದೆ ಬೆಳಗ್ಗೆ ಬೇಗ ಹೋಗೋಣ. ನಾನೂ ಬರ್ತೀನಿ,” ಅಂದಳು ಅಕ್ಕ.

ಹೇಳದೆ ಹೋಗುವುದು ಮರ್ಯಾದೆಯಲ್ಲ ಅಂತ ಭಾವ ಸಿಡಿಮಿಡಿಗೊಂಡರು. ಅಕ್ಕ ಸೊಪ್ಪು ಹಾಕಲಿಲ್ಲ.

ಬೆಳಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಸಾಹುಕಾರರು ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಗೇಟು ತೆರೆದರು. ನಮ್ಮನ್ನು ಕಂಡು ಖುಷಿಯಾಗಲಿಲ್ಲ. ಅಕ್ಕ ಬಾನೆಟ್ಟಿಗೆ ಕೈಯ ಹಿಂಬದಿ ತಾಗಿಸಿದಳು, ಮಗುವಿನ ಜ್ವರ ನೋಡುವ ಹಾಗೆ. ತಣ್ಣಗಿತ್ತು. ಒಳಗೆ ಕೂತು ಕೀ ತಿರುಗಿಸಿದಳು. ಕಾರು ಕೆಮ್ಮಿತು. ಮತ್ತೆ ತಿರುಗಿಸಿದಳು, ಹಳೇ ಆಸ್ತಮಾ ರೋಗಿಯ ಹಾಗೆ ಎಳೆದೆಳೆದು ಕೆಮ್ಮಿ ಸುಮ್ಮನಾಯಿತು. ಸಾಹುಕಾರರು ಬಾಯಿ ಮುಕ್ಕಳಿಸಿ ಬಂದು, ಒಂದು ಸ್ವಲ್ಪ ತಳ್ಳಿಬಿಟ್ಟರೆ ಸಾಕು ಅಂದರು.

ತಳ್ಳಿದವರು ನಾನು ಮತ್ತು ದೂರು ವಿಭಾಗದ ಮುಖ್ಯಸ್ಥರು. ಭಾವ ಆ ದಿನ ಕಾರಿಗೆ ಒಪ್ಪುವಂತೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಬೀದಿಯ ಕೊನೆಯ ತನಕ ಬಂದರೂ ಕಾರು ಹೊರಡುವ ಮನಸ್ಸು ಮಾಡಲಿಲ್ಲ. ಹಾಲು ತರಲು ಹೊರಟವರು ನಿಂತು ದಾರಿ ಬಿಟ್ಟುಕೊಟ್ಟರು. ಒಬ್ಬರು, ಪಾಪ, ನಮಸ್ಕಾರ ಸಾರ್ ಅಂದರು. ಭಾವ ಎರಡೂ ಕೈ ಡಿಕ್ಕಿಯ ಮೇಲಿದ್ದುದರಿಂದ ತಲೆಯಲ್ಲೇ ಹಿಂದಿರುಗಿಸಿದರು. ಅದನ್ನವರು ಹಿಂದಿನ ಸೀಟಿನಲ್ಲಿ ಅಭ್ಯಾಸ ಮಾಡಿದ್ದೇ ಆಗಿತ್ತು.

ಕೊನೆಗೆ ಇಳಿಜಾರಿನಲ್ಲಿ ಇಂಜಿನ್ನು ಹೊಗೆ ಕಾರಿ ಎದ್ದಿತು. “ಇದು ಕಂಪ್ಲೇಂಟ್ ಅಲ್ಲ ಸಾರ್,” ಅಂದರು ಸಾಹುಕಾರರು, “ಅದರ ಅಭ್ಯಾಸ.”

ಮೂವರೂ ಬಸ್‌ಸ್ಟಾಪಿನ ಕಡೆ ನಡೆದೆವು. ಭಾವನ ಅಂಗಿಯ ಮುಂಭಾಗವೆಲ್ಲ ಮಸಿ. ಅಷ್ಟಾದರೂ ಅವರ ಬಾಯಲ್ಲಿ, ಬ್ಯಾಟರಿ ಬದಲಾಯಿಸಿದರೆ ಸರಿಹೋದೀತು, ಆ ದೀಪ ಮಾತ್ರ ಬೇರೆ ಯಾವ ಕಾರಲ್ಲೂ ಸಿಗದು ಎಂಬ ಮಾತೇ. ಅಕ್ಕ ನಡೆಯುತ್ತಲೇ ಕೇಳಿದಳು.

“ರೀ, ನಿಮ್ಮ ಆಫೀಸಿಗೆ ವರ್ಷಗಟ್ಟಲೆ ಒಂದೂ ದೂರು ಬರದ ಬಡಾವಣೆ ಒಂದಿತ್ತಲ್ಲ. ಎಷ್ಟು ಒಳ್ಳೇ ಜನ ಅಂತಿದ್ರಿ. ಹೋಗಿ ನೋಡಿದಾಗ ಏನಿತ್ತು ಅಲ್ಲಿ?”

ಭಾವ ಮಸಿ ಉಜ್ಜುವುದನ್ನು ನಿಲ್ಲಿಸಿದರು.

“ನೀರೇ ಬರ್ತಿರಲಿಲ್ಲ,” ಅಂದರು ಮೆಲ್ಲಗೆ.

ಮತ್ತೆ ಕಪ್ಪು ಕಾರಿನ ಮಾತು ಆ ಮನೆಯಲ್ಲಿ ಏಳಲಿಲ್ಲ.

ಇಲ್ಲಿಂದ ಮುಂದೆ ನಾನು ಕಂಡದ್ದು ಬೇರೆಯೇ ಭಾವನನ್ನು. ಹಿಂದಿನ ಸೀಟಿನ ಮುಖ್ಯಸ್ಥರು ಇಳಿದು ಹೋಗಿ, ಕಿಟಕಿಯ ಹಿಂದೆ ಕೂತು ಊರಿನ ಗೋಳನ್ನೆಲ್ಲ ತಾಳ್ಮೆಯಿಂದ ಕೇಳಿದ ಹಳೆಯ ಗುಮಾಸ್ತರು ವಾಪಸು ಬಂದರು. ಯಾವ ಮಾಲೀಕ ತೊಂದರೆಯೇ ಇಲ್ಲ ಅಂದರೂ ಥ್ಯಾಂಕ್ಸ್ ಹೇಳಿ ಎದ್ದು ಬರುವರು. ನರ್ಸಮ್ಮನ ನಿವೃತ್ತಿ ಹತ್ತಿರವಾಗುತ್ತಿತ್ತು. ಹಳೆ ಕಟ್ಟಡದ ಚೀಟಿ ಮೇಜನ್ನು ಒರೆಸಿ ಸಿದ್ಧ ಮಾಡಿದ್ದಾರೆಂಬ ಸುದ್ದಿಯೂ ಬಂತು. ಅಕ್ಕ ಮನೆಯ ಕಪಾಟುಗಳನ್ನೆಲ್ಲ ತೆಗೆದು ತೆಗೆದು ಜೋಡಿಸತೊಡಗಿದಳು. ಅವಳಿಗೆ ಚಿಂತೆಯಾದಾಗ ಕಪಾಟುಗಳಿಗೆ ವಿಶ್ರಾಂತಿಯಿಲ್ಲ.

ಕೊನೆಗೆ ಸಿಕ್ಕವರು ಒಬ್ಬ ನಿವೃತ್ತ ಕಣ್ಣಿನ ಡಾಕ್ಟರು. ಕಾರು ಯಾಕೆ ಮಾರುತ್ತೀರಿ ಅಂದರೆ, “ಕಣ್ಣು ಕಾಣಲ್ಲ, ಅದಕ್ಕೆ” ಅಂತ ಯಾರ ಮೇಲೋ ಸಿಟ್ಟಿರುವವರ ಹಾಗೆ ಹೇಳಿದರು. ಕಾರು ಬೂದು ಬಣ್ಣದ್ದು. ಒಂದು ಕಾಲಕ್ಕೆ ದೊಡ್ಡ ಅಧಿಕಾರಿಗಳು ಓಡಾಡುತ್ತಿದ್ದ ಜಾತಿಯದೇ. ಈಗ ಅದಕ್ಕೂ ಆ ಗತ್ತು ಮರೆತುಹೋದಂತಿತ್ತು. ಪರದೆ ಇಲ್ಲ, ಓದುವ ದೀಪವಿಲ್ಲ.

“ಏನಾದ್ರೂ ದೂರು?” ಭಾವ ಕೇಳಿದರು.

“ಒಂದಾ ಎರಡಾ! ಕೂತ್ಕೊಳ್ಳಿ,” ಅಂದರು ಡಾಕ್ಟರು.

ಭಾವ ಕೂತರು. ಮುಖ ಅರಳಿತು. ಎಡಗಡೆ ಹಿಂದಿನ ಕಿಟಕಿ ವೇಗವಾಗಿ ಹೋದರೆ ಶಿಳ್ಳೆ ಹೊಡೆಯುತ್ತದೆ. ಗಡಿಯಾರ ಯಾವಾಗಲೂ ಮುಂದೆ ಓಡುತ್ತದೆ. ಹಾರ್ನು ಮಾತಾಡಲು ಸಂಕೋಚಪಡುವವರ ಹಾಗೆ ಸಣ್ಣಗೆ ಕೆಮ್ಮುತ್ತದೆ. ಮುಂದಿನ ಖಾನೆಯ ಮುಚ್ಚಳ ರಸ್ತೆಯಲ್ಲಿ ಗುಂಡಿ ಬಂದಾಗ ತಾನೇ ಬಾಯಿ ಬಿಡುತ್ತದೆ. ಪ್ರತಿಯೊಂದಕ್ಕೂ ಭಾವ ಕಚೇರಿಯ ಪ್ರಶ್ನೆಗಳನ್ನೇ ಕೇಳಿದರು: ಯಾವಾಗಿಂದ? ಒಂದೇ ಸಮ ಬರುತ್ತಾ, ಬಿಟ್ಟು ಬಿಟ್ಟು ಬರುತ್ತಾ? ಮೊದಲೇ ಯಾರಿಗಾದರೂ ತೋರಿಸಿದ್ದಿರಾ? ಡಾಕ್ಟರಿಗೆ ಬಹುಶಃ ಜೀವಮಾನದಲ್ಲಿ ಇಂಥ ಕೇಳುಗ ಸಿಕ್ಕಿರಲಿಲ್ಲ. ಒಳಗಿನಿಂದ ಮತ್ತೊಂದು ಸುತ್ತು ಟೀ ಬಂತು. ಇಬ್ಬರೂ ಬಾಲ್ಯದ ಗೆಳೆಯರಂತೆ ಗೊಣಗುತ್ತ ಕೂತಿದ್ದಾಗ ಅಕ್ಕ ಎದ್ದು ಹೋಗಿ ಬಾನೆಟ್ಟು ಮುಟ್ಟಿದಳು. ತಣ್ಣಗಿತ್ತು. ಕೀ ತಿರುಗಿಸಿದಳು.

ಸದ್ದೇ ಬರಲಿಲ್ಲ ಅಂತ ನಾನು ಗಾಬರಿಯಾದೆ. ಆಮೇಲೆ ನೋಡಿದರೆ ಅದು ಹೊರಟು ನಿಂತಿತ್ತು.

ಅಕ್ಕ ಊರಾಚೆಯ ರಸ್ತೆಯಲ್ಲಿ ಆಸ್ಪತ್ರೆಯ ತನಕ ಓಡಿಸಿ ನೋಡಿದಳು. ನನ್ನ ಬೆಂಚಿನ ದಿನಗಳ ಗ್ಯಾರೇಜಿನವನೂ ಕೆಳಗೆ ನುಸುಳಿ ನೋಡಿ, ತಗೊಳ್ಳಿ ಅಂದ. ವ್ಯಾಪಾರವಾಯಿತು. ಹೊರಡುವಾಗ ಡಾಕ್ಟರು ಒಂದು ದೂರು ಹೇಳುವುದು ಮರೆತಿದ್ದೆನೆಂದು ಗೇಟಿನ ತನಕ ಬಂದರು. ಭಾವ ಗಾಜು ಇಳಿಸಿ ಅದನ್ನೂ ಕೇಳಿಸಿಕೊಂಡರು.

ನರ್ಸಮ್ಮ ನಿವೃತ್ತರಾದ ಮರುದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ಬೆಳಗಿನ ಚಳಿಯಲ್ಲಿ ಭಾವ ಶಾಲು ಹೊದ್ದು ಗೇಟಿನ ಬಳಿ ನಿಂತಿದ್ದರು. ಅಕ್ಕ ಊಟದ ಡಬ್ಬಿಯನ್ನು ಪಕ್ಕದ ಸೀಟಿನ ಮೇಲಿಟ್ಟು ಕೀ ತಿರುಗಿಸಿದಳು. ಕಾರು ಹೊರಟಿತು, ತಿರುವಿನಲ್ಲಿ ಒಮ್ಮೆ ಸಂಕೋಚದಿಂದ ಕೆಮ್ಮಿ ಕಣ್ಮರೆಯಾಯಿತು. ಭಾವ ಅಲ್ಲೇ ಕಿವಿಗೊಟ್ಟು ನಿಂತರು.

ಕಾರು ದಿನವಿಡೀ ಆಸ್ಪತ್ರೆಯಲ್ಲೇ ಇರುವುದರಿಂದ, ಚಾವಣಿಯ ಕೆಳಗೆ ಈಗಲೂ ನಿಲ್ಲುವುದು ಸ್ಕೂಟರೇ. ಆದರೆ ನಡುವೆ ಅಲ್ಲ, ಬದಿಗೆ. ಇನ್ನೊಂದು ಬದಿಯಲ್ಲಿ ಕಾವಲುಗಾರನ ಸೈಕಲ್ಲು. ಅಕ್ಕನಿಗೆ ರಜೆ ಇದ್ದ ದಿನ ಮಾತ್ರ ಭಾವ ಹಿಂದಿನ ಸೀಟಿನ ಎಡಬದಿಯಲ್ಲಿ, ಶಿಳ್ಳೆ ಹೊಡೆಯುವ ಕಿಟಕಿಯ ಪಕ್ಕ ಕೂತು ಕಚೇರಿಗೆ ಹೋಗುತ್ತಾರೆ; ಓಡಿಸುವವಳು ಅಕ್ಕ. ಯಾರಾದರೂ ಕಾರು ಹೇಗಿದೆ ಅಂತ ಕೇಳಿದರೆ, “ಕೂತ್ಕೊಳ್ಳಿ, ಹೇಳ್ತೀನಿ” ಅನ್ನುತ್ತಾರೆ.