ಹೊನ್ನೆ ಮರದ ಬುಡದ ಮಂಗ

ನಾನು ಹೇಳಿದ ಸುಳ್ಳು ಒಂದೇ ಶಬ್ದದ್ದು. "ಇಲ್ಲ."

ಹತ್ತು ದಿನದ ಹಿಂದೆ, ಸಿದ್ದಾಪುರದ ಹತ್ತಿರದ ನಮ್ಮೂರ ಶಾಲೆಗೆ ಡಾಕ್ಟರು ಬಂದಿದ್ದರು. ಮಂಗನ ಕಾಯಿಲೆಗೆ ಹೊಸ ಲಸಿಕೆಯ ಪ್ರಯೋಗವಂತೆ, ಒಪ್ಪಿದವರಿಗೆ ಮಾತ್ರ. ಡಾಕ್ಟರು ಎಂದರೆ ಹಾವೇರಿ ಕಡೆಯ ಹುಡುಗಿ, ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದಳು.

"ಖರೇ ಹೇಳ್ರಿ ಅಕ್ಕಾರ, ಈಗೀಗ ಸತ್ತ ಮಂಗ ಏನರ ಮುಟ್ಟೀರೇನು? ಮುಟ್ಟಿದವರಿಗೆ ಈಗ ಕೊಡಂಗಿಲ್ಲ."

ಮುಟ್ಟಿದ್ದೆ. ಅವತ್ತಿಗೆ ನಾಲ್ಕೇ ದಿನ ಮೊದಲು, ಬೆಟ್ಟದ ಹೊನ್ನೆ ಮರದ ಬುಡದಲ್ಲಿ. ನಮ್ಮಲ್ಲಿ ಸತ್ತ ಮಂಗವನ್ನು ಹಾಗೇ ಬಿಟ್ಟು ಬರುವವರಿಲ್ಲ, ಅದು ಹನುಮಂತ. ಅತ್ತೆ ಪೆಟ್ಟಿಗೆಯಿಂದ ಹೊಸ ಪಂಚೆ ತೆಗೆದುಕೊಟ್ಟರು. ನಾನೇ ಸುತ್ತಿದೆ, ಬಾಯಿಗೆ ತುಳಸಿ ನೀರು ಬಿಟ್ಟೆ, ಇಬ್ಬರೂ ಸೇರಿ ಹುಗಿದೆವು. ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು.

"ಯಾರ ಹತ್ರನೂ ಹೇಳಡ ತಂಗಿ, ಇಲಾಖೆಯವು ಪರೀಕ್ಷೆಗೆ ಅದ್ನ ಕೊಯ್ದು ಹಾಕ್ತ" ಎಂದರು ಅತ್ತೆ. ನಾನೂ ಬಾಯಿ ಮುಚ್ಚಿಕೊಂಡೆ.

ಮನೆಗೆ ಬಂದು ಮೈಯೆಲ್ಲ ತಡಕಿದೆ. ಮಂಗ ಸತ್ತರೆ ಅದರ ಮೈಯ ರಕ್ತ ಹೀರುವ ಉಣುಗು ಹುಳ ಸುತ್ತಲಿನ ತರಗೆಲೆಗೆ ಇಳಿಯುತ್ತದೆ, ಅದು ಕಚ್ಚಿದರೆ ಜ್ವರ. ಸಣ್ಣ ಮಚ್ಚೆ ಕಂಡರೂ ಉಗುರಿನಿಂದ ಕೆರೆದು ನೋಡುತ್ತಿದ್ದೆ. ಸೂಜಿ ಹಾಕಿಸಿಕೊಂಡರೆ ಬಚಾವಾದೇನು ಎಂಬ ಆಸೆಗೇ "ಇಲ್ಲ" ಎಂದು ಸಹಿ ಮಾಡಿದ್ದು. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಸೂಜಿ ಚುಚ್ಚಿದ ಮೂರನೇ ದಿನ ಜ್ವರ ಬಂತು. ಕೈಕಾಲು ಸೋತು ಹೋಯಿತು, ಸತ್ತೇ ಹೋಗುತ್ತೇನೆ ಅನ್ನಿಸಿತು. ಊರಿನಲ್ಲಿ ಮಾತ್ರ ಒಂದೇ ಮಾತು: ಸೂಜಿಯಿಂದಲೇ ಜ್ವರ. ಪಕ್ಕದ ಮನೆಯವಳು, ದನದ ಕೊಟ್ಟಿಗೆಗೆ ದಿನವೂ ಬೆಟ್ಟದಿಂದ ತರಗೆಲೆ ಹೊತ್ತು ತರುವವಳು, ಬೇಲಿಯಾಚೆಯಿಂದಲೇ ಕೂಗಿದಳು: "ನಿಮ್ಮ ಅವಸ್ಥೆ ನೋಡಿದ ಮೇಲೆ ನಾ ಅಂತೂ ಸೂಜಿ ತಗಳೂದಿಲ್ಲ ಅಮ್ಮ!"

ಅವಳು ತರಗೆಲೆ ಗುಡಿಸುವುದು ಎಲ್ಲಿ ಎಂಬುದು ಆಗ ನೆನಪಾಯಿತು.

ಮರುದಿನ ಡಾಕ್ಟರ ಮುಂದೆ ಎಲ್ಲ ಹೇಳಿಬಿಟ್ಟೆ. ಹುಡುಗಿ ಬಯ್ಯಲಿಲ್ಲ; ಪ್ರಯೋಗದ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೀಟು ಎಳೆದು ರಕ್ತ ತೆಗೆದಳು. ಅತ್ತೆಯನ್ನೂ ಕೂರಿಸಿ ಕೈಕಾಲು ನೋಡಿದಳು. ಆಮೇಲೆ ನಾನೇ ಬೇಲಿ ಹತ್ತಿರ ಹೋಗಿ ಪಕ್ಕದ ಮನೆಯವಳಿಗೆ ಹೇಳಿದೆ. ಕೂಗಾಡುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ.

"ಯಾವ ಮರ ಅಮ್ಮ?" ಎಂದಳು.

"ಹೊನ್ನೆ."

ಅವಳು ತನ್ನ ಮನೆಯ ಕಡೆ ತಿರುಗಿ ನೋಡಿದಳು. "ನಿನ್ನೆವರೆಗೂ ಮಗೂನ ಅಲ್ಲೇ ನೆರಳಿಗೆ ಮಲಗಿಸ್ತಿದ್ದೆ."

ನನ್ನ ರಕ್ತದಲ್ಲಿ ಏನೂ ಸಿಗಲಿಲ್ಲ, ಬರೀ ಶೀತಜ್ವರ. ಅತ್ತೆಗೂ ಏನಿಲ್ಲ. ಮಗುವಿಗೆ ಮಾತ್ರ ಜ್ವರ ಬರುತ್ತದೋ ಎಂದು ಎಂಟು ದಿನ ಕಾಯಬೇಕು ಎಂದಿದ್ದಾರೆ. ಇಂದು ಆರನೆಯದು. ಬೆಳಿಗ್ಗೆ ಎದ್ದವಳೇ ಬೇಲಿ ದಾಟಿ ಹೋಗಿ ಅದರ ಹಣೆ ಮುಟ್ಟಿ ನೋಡುತ್ತೇನೆ. ಅವಳು ಬೇಡ ಅನ್ನುವುದಿಲ್ಲ. ನನ್ನ ಕೈ ಎತ್ತುವವರೆಗೆ ನನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಾಳೆ.