ಸಣ್ಣ ಪಾತ್ರೆಯ ಸಾಂಬಾರು

ಹೊರನಾಡಿನಲ್ಲಿರುವ ನಮಗೆಲ್ಲ ಒಂದು ಕೆಟ್ಟ ಚಾಳಿಯಿದೆ. ಕನ್ನಡವನ್ನು ನಮ್ಮ ಗುಪ್ತಭಾಷೆಯೆಂದು ನಂಬಿಬಿಡುತ್ತೇವೆ. ತರಕಾರಿಯವನ ಎದುರಲ್ಲೇ ನಿಂತು, ಮುಗುಳ್ನಗುತ್ತ, 'ಇವನ ಬದನೆಕಾಯಿ ಪೂರ್ತಿ ಹುಳುಕು, ಮುಂದೆ ನಡಿ' ಎನ್ನುವ ಧೈರ್ಯ ಮೈಸೂರಿನಲ್ಲಿ ನನಗೆಂದೂ ಇರಲಿಲ್ಲ. ವಡೋದರಾಕ್ಕೆ ಬಂದ ಮೇಲೆ ಈ ವಿದ್ಯೆಯಲ್ಲಿ ಚೆನ್ನಾಗಿಯೇ ಪಳಗಿದೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಮಕರಪುರದ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಪರೀಕ್ಷಿಸುವುದು ನನ್ನ ಕೆಲಸ. ಹತ್ತಿರದಲ್ಲೇ ಕುಂದಾಪುರದ ಕಡೆಯ ಭಟ್ಟರ ಹೋಟೆಲು. ಸಾಂಬಾರಿಗೆ ಬೆಲ್ಲ ಬೀಳದಿದ್ದರೆ ಇಲ್ಲಿನ ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಹಾಗಾಗಿ ದೊಡ್ಡ ಹಂಡೆಯಲ್ಲಿ ಅವರಿಗೆ ಸಿಹಿಯದು. ಒಲೆಯ ಮೂಲೆಯ ಸಣ್ಣ ಪಾತ್ರೆಯಲ್ಲಿ ನಮ್ಮವರಿಗೆಂದು ಹುಳಿ ಖಾರದ್ದು. ಮೊದಲ ದಿನ ಅದನ್ನು ಬಡಿಸಿದಾಗ 'ಊರಿನ ರುಚಿ ಭಟ್ರೆ' ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಪ್ರತಿ ಭಾನುವಾರ, ಹೋಟೆಲಿಗೆ ರಜೆಯಿದ್ದರೂ ನನಗಾಗಿ ಒಲೆ ಹೊತ್ತಿಸಿ, ಭಟ್ಟರು ಕ್ಯಾರಿಯರ್ ಹಿಡಿದು ಏಳು ಗಂಟೆಗೆಲ್ಲ ಬಾಗಿಲಲ್ಲಿ ಹಾಜರು. ನಾನು ಹಲ್ಲುಜ್ಜುವುದನ್ನು ನೋಡುತ್ತ ಕೂರುವರು. ಸಂಜೆ ನಾವು ತಿರುಗಾಡಲು ಹೊರಟರೆ ಅವರ ಸ್ಕೂಟರೂ ಹಿಂದೆಯೇ. ಹೆಂಡತಿಯೊಡನೆ ಜಗಳವಾಡಲೂ ನನಗೊಂದು ಭಾನುವಾರ ಉಳಿಯಲಿಲ್ಲ.

ಒಂದು ಭಾನುವಾರ ಪಕ್ಕದ ಮನೆಯವರಿಗಷ್ಟೇ ಹೇಳಿ, ಬೆಳಗಾಗುತ್ತಲೇ ಬೀಗ ಜಡಿದು ಊರು ಸುತ್ತಿ, ಮಧ್ಯಾಹ್ನದ ಆಟಕ್ಕೆ ಚಿತ್ರಮಂದಿರ ಹೊಕ್ಕೆವು. ಹಿಂದಿಗೆ ಡಬ್ ಆದ ಯಾವುದೋ ವಿದೇಶಿ ಚಿತ್ರ. ಬೇಡವೆಂದರೂ ಅಂಟಿಕೊಳ್ಳುವ ಗೆಳೆಯನ ಕಾಟ ತಾಳಲಾರದೆ ನಾಯಕ ಸತ್ತಂತೆ ನಾಟಕವಾಡುತ್ತಾನೆ. ಗೆಳೆಯನೋ ದಿನಾ ಊಟದ ಡಬ್ಬಿ ತಂದು ಗೋರಿಯ ಪಕ್ಕದಲ್ಲೇ ಕೂರುತ್ತಾನೆ. ಜನ ಬಿದ್ದುಬಿದ್ದು ನಗುತ್ತಿದ್ದರು. ಡಬ್ಬಿ ಕಂಡದ್ದೇ ನಾನು, ಗುಪ್ತಭಾಷೆಯ ಭರವಸೆಯಲ್ಲಿ, ಹೆಂಡತಿಗೆ ಗಟ್ಟಿಯಾಗಿಯೇ ಹೇಳಿದೆ: 'ಥೇಟ್ ನಮ್ಮ ಭಟ್ರು ಕಣೆ. ನಾನು ಸತ್ತರೂ ಈ ಸಾಂಬಾರು ತಪ್ಪಲ್ಲ.'

ಮಧ್ಯಂತರಕ್ಕೆ ದೀಪ ಹತ್ತಿದಾಗ ಹಿಂದಿನ ಸಾಲಿನಲ್ಲಿ ಭಟ್ಟರಿದ್ದರು. ತೊಡೆಯ ಮೇಲೆ ಕ್ಯಾರಿಯರ್.

'ಮನೆಗೆ ಬೀಗ ಇತ್ತು. ಈ ಟಾಕೀಸಿಗೆ ಹೋಗಿದ್ದಾರೆ ಅಂತ ಪಕ್ಕದವರು ಹೇಳಿದ್ರು,' ಎಂದು ಕ್ಯಾರಿಯರನ್ನು ಹೆಂಡತಿಯ ಕೈಗಿತ್ತರು. ಆಮೇಲೆ ಖಾಲಿ ಪರದೆಯತ್ತ ನೋಡಿ, 'ಪಾಪ, ಆ ಡಬ್ಬಿಯವನಿಗೂ ಬೇರೆ ಯಾರೂ ಇರ್ಲಿಕ್ಕಿಲ್ಲ ಮಾರಾಯ್ರೆ,' ಎಂದು ಹೊರಟುಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಹರಕೆ ಹೊತ್ತು ಬೇಡಿದಂಥ ಬಿಡುವನ್ನು ಗಡಿಯಾರ ನೋಡುತ್ತ ಕಳೆದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಇಷ್ಟು ದೊಡ್ಡ ಊರಿನಲ್ಲಿ ನಮ್ಮ ಬಾಗಿಲು ತಟ್ಟುತ್ತಿದ್ದವರು ಅವರೊಬ್ಬರೇ.

ಸೋಮವಾರ ಹೋಟೆಲಿಗೆ ಹೋದೆ. ಭಟ್ಟರು ಎಲ್ಲ ಗಿರಾಕಿಗಳಿಗೆ ನಗುವಂತೆ ನಕ್ಕು 'ಬನ್ನಿ' ಎಂದರು. ಇಡ್ಲಿಯ ಜೊತೆ ಬಂದದ್ದು ದೊಡ್ಡ ಹಂಡೆಯ ಸಾಂಬಾರು. ಪಾಯಸಕ್ಕೆ ನುಗ್ಗೆಕಾಯಿ ಹಾಕಿದ ಹಾಗಿತ್ತು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

'ತಪ್ಪಾಯ್ತು ಭಟ್ರೆ.'

'ಎಂಥ ತಪ್ಪು? ಇನ್ನೊಂದು ಇಡ್ಲಿ ಹಾಕ್ಲಾ?'

ನಾನೂ ಬಿಡಲಿಲ್ಲ. ಮಂಗಳವಾರ ಹೋದೆ, ಬುಧವಾರ ಹೋದೆ. ಗಲ್ಲಾದ ಪಕ್ಕ ಕುರ್ಚಿ ಎಳೆದುಕೊಂಡು, ಅವರು ಕೇಳದಿದ್ದರೂ ಟ್ರಾನ್ಸ್‌ಫಾರ್ಮರಿನ ಗುಣಗಾನ ಮಾಡಿದೆ. ಊರಿಂದ ಬಂದ ಹುಣಸೆಹಣ್ಣನ್ನು ಬಲವಂತವಾಗಿ ಕೊಟ್ಟೆ. ಬೇಡದವರಿಗೆ ಅಂಟಿಕೊಳ್ಳುವುದು ಸುಲಭವೆಂದು ತಿಳಿದಿದ್ದೆ. ಅಲ್ಲ, ಅದಕ್ಕೆ ಬಹಳ ತಾಳ್ಮೆ ಬೇಕು. ಮಾನದ ಹಂಗನ್ನೂ ಸ್ವಲ್ಪ ಬಿಡಬೇಕು.

ಮೂರನೆಯ ವಾರ ನಾನು ಒಳಗೆ ಕಾಲಿಟ್ಟೊಡನೆ ಭಟ್ಟರು ಅಡುಗೆಯವನತ್ತ ತಿರುಗಿ, ಇಡೀ ಹೋಟೆಲಿನಲ್ಲಿ ಯಾರಿಗೂ ಕನ್ನಡ ಬಾರದೆಂಬಂತೆ ಗಟ್ಟಿಯಾಗಿ ಹೇಳಿದರು: 'ಪುನಃ ಬಂದ್ರು ಮಾರಾಯ. ಇವರು ಬಿಡುವ ಪೈಕಿ ಅಲ್ಲ. ಆ ಸಣ್ಣ ಪಾತ್ರೆಯದ್ದು ಬಡಿಸು.'

ನಾನು ಏನೂ ಅರ್ಥವಾಗದವನಂತೆ ಕೈ ತೊಳೆಯಲು ಹೋದೆ.