ಕಲ್ಲಿಗೆ ಒಂದು ಚರಿಗೆ ನೀರು

ಹುನಗುಂದದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ತರಗತಿಯ ವಾಟ್ಸಾಪ್ ಗ್ರೂಪ್ ಎಂದರೆ ನನಗೆ ತಲೆನೋವು. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ, ಮೋಡ ಕವಿದರೆ ‘ನಾಳೆ ಸೂಟಿ ಏನ್ರಿ?’ ಕಲ್ಲುಗಳ ಪಾಠ ಬಂದಾಗ, ಗ್ರೂಪಿನಲ್ಲೂ ಪಾಠ ನಡೆಯಲೇಬೇಕೆಂದು ಹಟ ಹಿಡಿದು, ಅಂಗಳದಲ್ಲಿ ಬಿದ್ದಿದ್ದ ಗ್ರಾನೈಟ್ ತುಂಡಿನ ಫೋಟೋ ಹಾಕಿ, ಇದರಲ್ಲಿ ಎಷ್ಟು ಬಣ್ಣಗಳಿವೆ ಎಂದು ಕೇಳಿದೆ. ಎಲ್ಲರದೂ ಒಂದೇ ಉತ್ತರ: ‘ಒಂದ ಸರ್, ಬೂದಿ ಬಣ್ಣ.’ ಗ್ರಾನೈಟಿನಲ್ಲಿ ಮೂರು ಬಣ್ಣದ ಹರಳು ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಮಕ್ಕಳು! ಚೆನ್ನಾಗಿ ಬೈದು ಬರೆದೆ.

ಆಗ ಒಬ್ಬ ವಿದ್ಯಾರ್ಥಿನಿಯ ತಂದೆಯಿಂದ ವಾಯ್ಸ್ ಮೆಸೇಜ್ ಬಂತು. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವವರು. ಗ್ರೂಪಿನಲ್ಲಿ ಒಮ್ಮೆಯೂ ಮಾತಾಡಿದವರಲ್ಲ.

“ಮಕ್ಕಳಿಗೆ ಬೈಬ್ಯಾಡ್ರಿ ಸರ್. ಧೂಳ ಹಿಡದ ಕಲ್ಲಿನ್ಯಾಗ ಏನೂ ಕಾಣಂಗಿಲ್ರಿ. ಒಂದ್ ಚರಿಗಿ ನೀರ್ ಹಾಕಿ ಫೋಟೋ ತಗೀರಿ. ಗಿರಾಕಿಗೆ ನಾವು ಹಂಗ ತೋರಸ್ತೇವ್ರಿ.”

ನೀರು ಸುರಿದೆ. ಬೂದಿ ಕಲ್ಲು ಕಣ್ಣೆದುರೇ ಕೆಂಪಾಯಿತು. ನಡುನಡುವೆ ಗಾಜಿನಂಥ ಬಿಳಿ ಹರಳು, ಎಳ್ಳಿನಷ್ಟು ಕಪ್ಪು ಚುಕ್ಕಿ. ಸಂಜೆಯೊಳಗೆ ಗ್ರೂಪಿನ ತುಂಬ ಒದ್ದೆ ಕಲ್ಲುಗಳೇ: ಹೊಸ್ತಿಲು, ಒರಳು, ಬಟ್ಟೆ ಒಗೆಯುವ ಬಂಡೆ.

ಮತ್ತೆ ಅವರದೇ ದನಿ. “ಒಂದ್ ಕೇಳ್ತೇನ್ರಿ ಸರ್. ಇಷ್ಟ ವರ್ಷ ಈ ಕಲ್ಲ ತಿಕ್ಕೇನಿ. ಈ ಕೆಂಪ ಹರಳು ಇದರೊಳಗ ಹೆಂಗ ಬಂದುವ್ರಿ?”

ಇಷ್ಟು ವರ್ಷ ಪಾಠ ಮಾಡಿದರೂ ನನ್ನನ್ನು ಯಾರೂ ಕೇಳಿರದ ಪ್ರಶ್ನೆ. ಪುಸ್ತಕದ ಎರಡು ಸಾಲು ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ನಾನು ಟೈಪ್ ಮಾಡುತ್ತಲೇ ಇರುವುದು ಅವರ ಫೋನಿನಲ್ಲಿ ಕಾಣುತ್ತಿರಬೇಕು.

“ಸಾವಕಾಶ ಬರೀರಿ ಸರ್,” ಎಂದರು. “ನಾ ಏನ್ ಬೈಯಂಗಿಲ್ರಿ.”